ಚುಚ್ಚುಮದ್ದು ಮತ್ತು ಚರ್ಮ: ಮಲ್ಟಿಪಲ್ ಸ್ಕ್ಲೆರೋಸಿಸ್ ಚಿಕಿತ್ಸೆಯ ಚರಿತ್ರೆಯಲ್ಲಿ ಒಂದು ಉಪೇಕ್ಷಿತ ಅಧ್ಯಾಯ

೧. ಪ್ರಸ್ತಾವನೆ

ವೈದ್ಯಶಾಸ್ತ್ರದ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಎರಡು ಸಂಗತಿಗಳಿಗೆ ಪ್ರಾಧಾನ್ಯ ಕೊಟ್ಟಿದ್ದಾರೆ: ಒಂದು, ರೋಗವನ್ನು ಗುರುತಿಸಿದ ವೈದ್ಯರ ಸಾಧನೆ, ಇನ್ನೊಂದು, ಅದಕ್ಕೆ ಮದ್ದನ್ನು ಕಂಡುಹಿಡಿದ ಪ್ರಯೋಗಶಾಲೆಗಳ ವೃತ್ತಾಂತ. ಆ ಮದ್ದು ರೋಗಿಯ ಮೈಯನ್ನು ಹೊಕ್ಕ ಸ್ಥಳದಲ್ಲಿ ಏನಾಯಿತೆಂಬ ಪ್ರಶ್ನೆ ಇಂಥ ಗ್ರಂಥಗಳಲ್ಲಿ ಅಪರೂಪವಾಗಿ ಕಾಣಿಸಿಕೊಳ್ಳುತ್ತದೆ. ಕಾಣಿಸಿಕೊಂಡರೂ ‘ಅಡ್ಡಪರಿಣಾಮಗಳು’ ಎಂಬ ಪಟ್ಟಿಯ ಒಂದು ಸಾಲಾಗಿ ಮುಗಿದುಹೋಗುತ್ತದೆ. ಪ್ರಸ್ತುತ ಲೇಖನದಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದ ಚುಚ್ಚುಮದ್ದುಗಳನ್ನು ನಿದರ್ಶನವಾಗಿ ತೆಗೆದುಕೊಂಡು, ಆ ಒಂದು ಸಾಲಿನ ಹಿಂದಿರುವ ಚರಿತ್ರೆಯನ್ನು ಪರಿಶೀಲಿಸಬೇಕೆಂದು ನಾವು ಉದ್ದೇಶಿಸಿದ್ದೇವೆ.

ರೋಗದ ಸ್ವರೂಪವನ್ನು ಮೊದಲು ಸಂಕ್ಷೇಪವಾಗಿ ಹೇಳುವುದು ಉಚಿತ. ಮಿದುಳು ಮತ್ತು ಬೆನ್ನುಹುರಿಯಲ್ಲಿರುವ ನರತಂತುಗಳ ಮೇಲೆ ಮಯಲಿನ್ ಎಂಬ ಹೊದಿಕೆಯಿರುತ್ತದೆ. ಹೊರಗಿನ ಶತ್ರುಗಳಿಂದ ದೇಹವನ್ನು ಕಾಯಬೇಕಾದ ರಕ್ಷಣಾವ್ಯವಸ್ಥೆಯೇ ತಿರುಗಿಬಿದ್ದು ಈ ಹೊದಿಕೆಯನ್ನು ಅಲ್ಲಲ್ಲಿ ಹಾಳುಮಾಡುವುದು ಈ ರೋಗದ ಲಕ್ಷಣ. ದೃಷ್ಟಿ ಮಂಜಾಗುವುದು, ಕೈಕಾಲು ಜೋಮು ಹಿಡಿಯುವುದು, ನಡಿಗೆ ತಪ್ಪುವುದು ಮುಂತಾದ ತೊಂದರೆಗಳು ಬಂದು, ಕೆಲಕಾಲ ಇಳಿದು, ಮತ್ತೆ ಮರುಕಳಿಸುತ್ತವೆ. ೧೮೬೮ರಲ್ಲಿ ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಜಾನ್ ಮಾರ್ಟಿನ್ ಶಾರ್ಕೊ ಈ ರೋಗಕ್ಕೆ ಸ್ಪಷ್ಟವಾದ ಲಕ್ಷಣನಿರೂಪಣೆಯನ್ನು ಕೊಟ್ಟನು. ಅದಕ್ಕೂ ಮೊದಲೇ ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜನ ಮೊಮ್ಮಗ ಆಗಸ್ಟಸ್ ಡೆಸ್ಟೆ ೧೮೨೨ರಿಂದ ತನಗಾದ ವ್ಯಾಧಿಯ ವಿವರಗಳನ್ನು ದಿನಚರಿಯಲ್ಲಿ ಬರೆದಿಟ್ಟಿದ್ದನು. ೧೯೪೮ರಲ್ಲಿ ಡಗ್ಲಾಸ್ ಫರ್ತ್ ಎಂಬ ವೈದ್ಯನು ಪ್ರಕಟಿಸಿದ ಆ ದಿನಚರಿ ರೋಗಿಯೇ ಬರೆದ ಸಾಕ್ಷ್ಯವಾದ್ದರಿಂದ ಇತಿಹಾಸಕಾರನಿಗೆ ಬೆಲೆಯುಳ್ಳದ್ದು. ಡೆಸ್ಟೆಗೆ ದೊರೆತ ಉಪಚಾರಗಳಲ್ಲಿ ಲೇಪಗಳಿಂದ ಮೈಯನ್ನು ತಿಕ್ಕುವುದೂ ಸೇರಿತ್ತು. ಆ ಕಾಲದಲ್ಲಿ ಮದ್ದು ಚರ್ಮದ ಮೇಲೆಯೇ ನಿಲ್ಲುತ್ತಿತ್ತು. ಚರ್ಮವನ್ನು ದಾಟಿ ಒಳಹೋಗುವ ಸಾಧನ ವೈದ್ಯನ ಕೈಗೆ ಇನ್ನೂ ಬಂದಿರಲಿಲ್ಲ.

ನಮ್ಮ ಅಭಿಪ್ರಾಯವನ್ನು ಆರಂಭದಲ್ಲಿಯೇ ಸೂಚಿಸಿಬಿಡುತ್ತೇವೆ. ಚುಚ್ಚಿದ ಸ್ಥಳದಲ್ಲಿ ಚರ್ಮಕ್ಕೆ ಒದಗಿದ ವಿಕಾರಗಳು ಈ ಚಿಕಿತ್ಸೆಯ ಚರಿತ್ರೆಯಲ್ಲಿ ಗೌಣವಾದುವಲ್ಲ. ಮದ್ದನ್ನು ಎಷ್ಟು ದಿನಕ್ಕೊಮ್ಮೆ, ಮೈಯ ಯಾವ ಭಾಗದಲ್ಲಿ, ಎಷ್ಟು ಆಳಕ್ಕೆ ಕೊಡಬೇಕೆಂಬುದನ್ನು ನಿರ್ಣಯಿಸುವುದರಲ್ಲಿ ಅವುಗಳ ಪಾತ್ರ ದೊಡ್ಡದು. ಜೊತೆಗೆ, ಒಂದೇ ವಿಕಾರ ಒಂದು ಬಗೆಯ ದಾಖಲೆಯಲ್ಲಿ ಅತ್ಯಲ್ಪವಾಗಿಯೂ ಇನ್ನೊಂದು ಬಗೆಯ ದಾಖಲೆಯಲ್ಲಿ ಹೇರಳವಾಗಿಯೂ ಕಾಣುವುದರಿಂದ, ಆಕರಗಳ ಪರೀಕ್ಷೆಯ ಬಗ್ಗೆ ಇತಿಹಾಸದ ವಿದ್ಯಾರ್ಥಿಗಳಿಗೆ ಇಲ್ಲಿ ಕಲಿಯತಕ್ಕ ಪಾಠವೂ ಇದೆ.

೨. ಸೂಜಿಯ ಆರಂಭಕಾಲ

ಟೊಳ್ಳು ಸೂಜಿಯಿಂದ ಚರ್ಮದಡಿಗೆ ಮದ್ದನ್ನು ಸೇರಿಸುವ ಕ್ರಮ ಹತ್ತೊಂಬತ್ತನೆಯ ಶತಮಾನದ ನಡುಭಾಗದ್ದು. ೧೮೫೩ರಲ್ಲಿ ಎಡಿನ್‌ಬರೋದ ಅಲೆಗ್ಸಾಂಡರ್ ವುಡ್ ನರಶೂಲೆಯಿಂದ ಬಳಲುತ್ತಿದ್ದವರಿಗೆ ನೋವಿರುವ ಸ್ಥಳದಲ್ಲಿಯೇ ಮಾರ್ಫಿಯಾವನ್ನು ಚುಚ್ಚಿದನು; ೧೮೫೫ರಲ್ಲಿ ತನ್ನ ಅನುಭವವನ್ನು ಪ್ರಕಟಿಸಿದನು. ಮದ್ದು ಮುಖ್ಯವಾಗಿ ಚುಚ್ಚಿದೆಡೆಯ ನರದ ಮೇಲೆಯೇ ಕೆಲಸಮಾಡುವುದೆಂಬುದು ಅವನ ನಂಬಿಕೆ. ಲಂಡನ್ನಿನ ಚಾರ್ಲ್ಸ್ ಹಂಟರ್ ೧೮೫೮ರಲ್ಲಿ ಇದೇ ಕ್ರಮವನ್ನು ಅನುಸರಿಸಿದಾಗ ಒಂದು ತೊಡಕು ಎದುರಾಯಿತು. ಒಂದೇ ಸ್ಥಳದಲ್ಲಿ ಮತ್ತೆ ಮತ್ತೆ ಚುಚ್ಚಿದ್ದರಿಂದ ರೋಗಿಗಳಿಗೆ ಅಲ್ಲಿ ಕೀವುಗಟ್ಟಿ ಬಾವು ಎದ್ದಿತು. ಆ ಜಾಗವನ್ನು ಬಿಟ್ಟು ದೂರದ ಇನ್ನೊಂದೆಡೆಯಲ್ಲಿ ಚುಚ್ಚುವುದು ಅನಿವಾರ್ಯವಾಯಿತು. ಹಾಗೆ ಚುಚ್ಚಿದಾಗಲೂ ನೋವು ಅಷ್ಟೇ ಚೆನ್ನಾಗಿ ಶಮನವಾದುದು ಅವನಿಗೆ ಕಂಡುಬಂತು. ಮದ್ದು ರಕ್ತದ ಮೂಲಕ ಸರ್ವಾಂಗಕ್ಕೂ ಹರಡುತ್ತದೆಂಬ ನಿರ್ಣಯಕ್ಕೆ ಹಂಟರ್ ಬಂದದ್ದು ಹೀಗೆ. ಇಬ್ಬರಿಗೂ ಪತ್ರಿಕೆಗಳಲ್ಲಿ ದೀರ್ಘವಾದ ವಾಗ್ವಾದ ನಡೆದು, ಕಡೆಗೆ ೧೮೬೭ರಲ್ಲಿ ಲಂಡನ್ನಿನ ವೈದ್ಯಸಂಘವೊಂದರ ಸಮಿತಿ ಹಂಟರನ ಪಕ್ಷವನ್ನು ಎತ್ತಿಹಿಡಿಯಿತು.

ಈ ಪ್ರಸಂಗ ನಮ್ಮ ವಿಷಯಕ್ಕೆ ಪೀಠಿಕೆಯಂತಿದೆ. ಸೂಜಿಮದ್ದಿನ ಮುಖ್ಯವಾದ ತತ್ತ್ವವೊಂದು ಚರ್ಮದ ಮೇಲೆದ್ದ ಬಾವಿನ ಮೂಲಕ ತಿಳಿದುಬಂತು. ಚುಚ್ಚುವ ಸ್ಥಳವನ್ನು ಸರದಿಯಂತೆ ಬದಲಾಯಿಸಬೇಕೆಂದು ಮುಂದೆ ಬಂದ ನಿಯಮದ ಬೀಜವೂ ಅಲ್ಲಿಯೇ ಇದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದೇ ಪ್ರಶ್ನೆ ಪ್ರಯೋಗಶಾಲೆಯನ್ನು ಪ್ರವೇಶಿಸಿತು. ೧೯೦೨ರಲ್ಲಿ ಪೋರ್ತಿಯೆ ಮತ್ತು ರಿಶೆ ಎಂಬ ಫ್ರೆಂಚ್ ವಿಜ್ಞಾನಿಗಳು, ಮೊದಲ ಸಲ ತಾಳಿಕೊಂಡ ವಿಷವನ್ನು ಎರಡನೆಯ ಸಲ ಅಲ್ಪಪ್ರಮಾಣದಲ್ಲಿ ಕೊಟ್ಟಾಗ ನಾಯಿಗಳು ಹಠಾತ್ತನೆ ಸತ್ತುದನ್ನು ಕಂಡು ಆ ಸ್ಥಿತಿಗೆ ‘ಅನಾಫಿಲಾಕ್ಸಿಸ್’ ಎಂದು ಹೆಸರಿಟ್ಟರು. ೧೯೦೩ರಲ್ಲಿ ಮಾರಿಸ್ ಆರ್ತ್ಯುಸ್ ಮೊಲಗಳ ಚರ್ಮದಡಿಗೆ ಕುದುರೆಯ ರಕ್ತದ್ರವವನ್ನು ಕೆಲವು ದಿನಗಳಿಗೊಮ್ಮೆ ಚುಚ್ಚಿ ನೋಡಿದನು. ಮೊದಮೊದಲು ಚುಚ್ಚಿದ್ದು ಸುಲಭವಾಗಿ ಕರಗಿಹೋಯಿತು. ಆಮೇಲಿನವು ಗಟ್ಟಿ ಗಂಟಾಗಿ ನಿಂತವು. ಕಡೆಯ ಚುಚ್ಚುಗಳಲ್ಲಿ ಅಲ್ಲಿನ ಚರ್ಮವೇ ಸತ್ತು ಕಪ್ಪಾಯಿತು. ೧೯೦೬ರಲ್ಲಿ ಪಿರ್ಕೆ ‘ಅಲರ್ಜಿ’ ಎಂಬ ಶಬ್ದವನ್ನು ಸೃಷ್ಟಿಸಿದನು. ದೇಹ ಹಿಂದಿನ ಚುಚ್ಚನ್ನು ನೆನಪಿಟ್ಟುಕೊಳ್ಳುತ್ತದೆ ಎಂಬ ಕಲ್ಪನೆ ಹೀಗೆ ಶಾಸ್ತ್ರದಲ್ಲಿ ನೆಲೆಗೊಂಡಿತು.

ಬದುಕಿರುವಷ್ಟು ಕಾಲವೂ ಚುಚ್ಚಿಕೊಳ್ಳಬೇಕಾದ ಮೊದಲ ಪ್ರಸಿದ್ಧ ಮದ್ದೆಂದರೆ ೧೯೨೨ರಲ್ಲಿ ಟೊರಾಂಟೋ ನಗರದಲ್ಲಿ ಬಳಕೆಗೆ ಬಂದ ಇನ್ಸುಲಿನ್. ಮಧುಮೇಹಿಗಳು ಬದುಕುಳಿದದ್ದು ಅದರ ಮಹಿಮೆ. ಆದರೆ ೧೯೨೬ರ ವೇಳೆಗಾಗಲೇ ಚುಚ್ಚಿದ ತೊಡೆ ತೋಳುಗಳಲ್ಲಿ ಚರ್ಮದಡಿಯ ಕೊಬ್ಬು ಕರಗಿ ಗುಳಿ ಬೀಳುತ್ತದೆಂಬ ವರದಿಗಳು ಬಂದಿದ್ದವು. ಈ ಕೊಬ್ಬಿನ ಕ್ಷಯ ದನ ಮತ್ತು ಹಂದಿಗಳ ಇನ್ಸುಲಿನ್ ಬಳಕೆಯಲ್ಲಿದ್ದಷ್ಟು ಕಾಲವೂ ರೋಗಿಗಳಿಗೆ ಪರಿಚಿತವಾಗಿಯೇ ಉಳಿಯಿತು. ಶುದ್ಧತರವಾದ ಇನ್ಸುಲಿನ್ ಬಂದ ಮೇಲೆ ವಿರಳವಾಯಿತು. ಈ ಗುಳಿಯನ್ನು ನಾವು ಮುಂದೆ ಮತ್ತೊಮ್ಮೆ ಎದುರುಗೊಳ್ಳಲಿದ್ದೇವೆ.

೩. ನಾಯಿಕಡಿತದ ಚುಚ್ಚುಮದ್ದಿನಿಂದ ಮಯಲಿನ್ನಿನ ವಿಚಾರಕ್ಕೆ

ಮಲ್ಟಿಪಲ್ ಸ್ಕ್ಲೆರೋಸಿಸ್ಸಿಗೂ ಚುಚ್ಚುಮದ್ದಿಗೂ ಮೊದಲ ಸಂಬಂಧ ಬೆಳೆದದ್ದು ಚಿಕಿತ್ಸೆಯ ದಾರಿಯಿಂದಲ್ಲ, ಅಪಘಾತದ ದಾರಿಯಿಂದ. ೧೮೮೫ರಲ್ಲಿ ಪಾಶ್ಚರ್ ಹುಚ್ಚುನಾಯಿ ಕಡಿತಕ್ಕೆ ಒಣಗಿಸಿದ ಮೊಲದ ಬೆನ್ನುಹುರಿಯಿಂದ ಮಾಡಿದ ಮದ್ದನ್ನು ಹಲವು ದಿನಗಳ ಕಾಲ ಚುಚ್ಚುವ ಕ್ರಮವನ್ನು ಆರಂಭಿಸಿದನು. ನಮ್ಮ ದೇಶದಲ್ಲಿ ಕಸೌಲಿಯ ಡೇವಿಡ್ ಸೆಂಪಲ್ ೧೯೧೧ರಲ್ಲಿ ಇದನ್ನು ಮಾರ್ಪಡಿಸಿ, ಪ್ರಾಣಿಯ ಮಿದುಳನ್ನು ಫಿನಾಲಿನಿಂದ ಸಂಸ್ಕರಿಸಿದ ಲಸಿಕೆಯನ್ನು ಪ್ರಚುರಪಡಿಸಿದನು. ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂದು ಕನ್ನಡನಾಡಿನ ಹಿರಿಯರು ಇಂದಿಗೂ ನೆನಪಿಸಿಕೊಳ್ಳುವುದು ಈ ವರ್ಗದ ಲಸಿಕೆಯನ್ನೇ.

ಅಸಂಖ್ಯಾತ ಜನರ ಪ್ರಾಣ ಉಳಿಸಿದ ಈ ಲಸಿಕೆಗಳಲ್ಲಿ ಒಂದು ಅಪಾಯ ಅಡಗಿತ್ತು. ಚುಚ್ಚಿಸಿಕೊಂಡವರಲ್ಲಿ ಕೆಲವರಿಗೆ ನಾಯಿಯ ರೋಗಕ್ಕೆ ಸಂಬಂಧವಿಲ್ಲದ ಪಾರ್ಶ್ವವಾಯು ಬರುತ್ತಿತ್ತು. ಪರೀಕ್ಷಿಸಿ ನೋಡಿದರೆ ನರಗಳ ಮಯಲಿನ್ ಹೊದಿಕೆ ಹಾಳಾಗಿರುತ್ತಿತ್ತು. ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯ ವೈದ್ಯರು ಇಂಥ ರೋಗಿಗಳ ವಿಚಾರವಾಗಿ ೧೯೮೪ರಲ್ಲಿಯೂ ಲೇಖನವನ್ನು ಪ್ರಕಟಿಸಿದ್ದರೆಂಬುದು, ಈ ಸಮಸ್ಯೆ ನಮ್ಮಲ್ಲಿ ಎಷ್ಟು ಕಾಲ ಉಳಿದಿತ್ತೆಂಬುದಕ್ಕೆ ಸಾಕ್ಷಿ. ೨೦೦೫ರ ವೇಳೆಗೆ ಭಾರತದಲ್ಲಿ ಈ ಬಗೆಯ ಲಸಿಕೆಯ ಬಳಕೆ ನಿಂತಿತು.

ಪಾರ್ಶ್ವವಾಯುವಿಗೆ ಕಾರಣ ಲಸಿಕೆಯಲ್ಲಿದ್ದ ರೋಗಾಣುವೋ ಅಥವಾ ಅದರೊಡನೆ ಬೆರೆತಿದ್ದ ಪ್ರಾಣಿಯ ನರಪದಾರ್ಥವೋ? ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಥಾಮಸ್ ರಿವರ್ಸ್ ಮತ್ತು ಅವನ ಸಂಗಡಿಗರು ಈ ಪ್ರಶ್ನೆಗೆ ಉತ್ತರ ಹುಡುಕಿದರು. ಅವರು ಆರೋಗ್ಯವಂತ ಮೊಲಗಳ ಮಿದುಳಿನ ಸಾರವನ್ನು ಕೋತಿಗಳಿಗೆ ತಿಂಗಳುಗಟ್ಟಲೆ ಚುಚ್ಚಿದಾಗ ಕೆಲವು ಕೋತಿಗಳಲ್ಲಿ ಮಯಲಿನ್ ನಾಶವಾಯಿತು. ೧೯೩೩ ಮತ್ತು ೧೯೩೫ರಲ್ಲಿ ಪ್ರಕಟವಾದ ಈ ಫಲಿತಾಂಶಗಳಿಂದ, ರೋಗಾಣುವಿನ ಸಹಾಯವಿಲ್ಲದೆಯೇ ದೇಹ ತನ್ನ ನರಗಳ ಮೇಲೆ ತಾನೇ ಎರಗಬಲ್ಲುದೆಂಬುದು ಸ್ಥಾಪಿತವಾಯಿತು. ಅಂದಿನಿಂದ ಇದು ಮಲ್ಟಿಪಲ್ ಸ್ಕ್ಲೆರೋಸಿಸ್ಸನ್ನು ಅಧ್ಯಯನಮಾಡುವವರಿಗೆ ಪ್ರಾಣಿಗಳಲ್ಲಿನ ಮಾದರಿಯಾಯಿತು.

ಈ ಮಾದರಿಯೇ ಮುಂದೆ ಒಂದು ಮದ್ದಿಗೂ ಜನ್ಮಕೊಟ್ಟಿತು. ಇಸ್ರೇಲಿನ ರೆಹೊವೊತ್‌ನಲ್ಲಿರುವ ವೈಜ್‌ಮನ್ ಸಂಸ್ಥೆಯಲ್ಲಿ ಮೈಕೇಲ್ ಸೆಲಾ, ರೂತ್ ಆರ್ನಾನ್ ಮತ್ತು ದ್ವೋರಾ ಟೈಟೆಲ್‌ಬಾಮ್ ೧೯೬೦ರ ದಶಕದ ಕೊನೆಯಲ್ಲಿ ಮಯಲಿನ್ನಿನ ಒಂದು ಪ್ರೋಟೀನನ್ನು ಹೋಲುವ ಕೃತಕ ಸಂಯುಕ್ತಗಳನ್ನು ತಯಾರಿಸಿದರು. ಗ್ಲುಟಾಮಿಕ್ ಆಮ್ಲ, ಲೈಸಿನ್, ಅಲನಿನ್, ಟೈರೊಸಿನ್ ಎಂಬ ನಾಲ್ಕು ಅಮೈನೋ ಆಮ್ಲಗಳ ಸರಪಣಿ ಅದು. ಪ್ರಾಣಿಗಳಲ್ಲಿ ರೋಗವನ್ನು ಉಂಟುಮಾಡುವುದು ಅವರ ನಿರೀಕ್ಷೆಯಾಗಿತ್ತು. ರೋಗ ಬರುವುದಕ್ಕೆ ಬದಲಾಗಿ ತಗ್ಗಿತು. ೧೯೭೧ರಲ್ಲಿ ಅವರು ಈ ಸಂಗತಿಯನ್ನು ಪ್ರಕಟಿಸಿದರು. ಮುಂದೆ ‘ಗ್ಲಾಟಿರಮರ್’ ಎಂದು ಹೆಸರಾದ ಮದ್ದು ಇದೇ.

೪. ಇಂಟರ್‌ಫೆರಾನ್ ಮತ್ತು ಚರ್ಮದ ಗಾಯ

ಗ್ಲಾಟಿರಮರ್ ರೋಗಿಗಳನ್ನು ತಲಪುವುದಕ್ಕೆ ಮೊದಲೇ ಇನ್ನೊಂದು ಮದ್ದು ಮುಂದೆ ಬಂತು. ೧೯೫೭ರಲ್ಲಿ ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ಪ್ರಯೋಗಶಾಲೆಯಲ್ಲಿ ಅಲಿಕ್ ಐಸಾಕ್ಸ್ ಮತ್ತು ಜಾನ್ ಲಿಂಡೆನ್‌ಮನ್ ಅವರು, ವೈರಸ್ಸಿನ ಸೋಂಕಿಗೆ ಒಳಗಾದ ಜೀವಕೋಶಗಳು ಇತರ ಕೋಶಗಳನ್ನು ರಕ್ಷಿಸುವ ಒಂದು ಪದಾರ್ಥವನ್ನು ಸ್ರವಿಸುತ್ತವೆಂದು ಕಂಡು ಅದಕ್ಕೆ ಇಂಟರ್‌ಫೆರಾನ್ ಎಂದು ಹೆಸರಿಟ್ಟರು. ಮಲ್ಟಿಪಲ್ ಸ್ಕ್ಲೆರೋಸಿಸ್ಸಿಗೆ ಯಾವುದೋ ವೈರಸ್ಸು ಕಾರಣವಿರಬಹುದೆಂಬ ಊಹೆ ಆಗ ಬಲವಾಗಿದ್ದುದರಿಂದ ಇದನ್ನು ಆ ರೋಗದ ಮೇಲೂ ಪ್ರಯೋಗಿಸಿದರು. ೧೯೮೧ರಲ್ಲಿ ಅಮೆರಿಕದ ಬಫಲೋ ನಗರದ ಲಾರೆನ್ಸ್ ಜೇಕಬ್ಸ್ ಹತ್ತು ಮಂದಿ ರೋಗಿಗಳ ಬೆನ್ನುಹುರಿಯ ಸುತ್ತಣ ದ್ರವಕ್ಕೇ ಬೀಟಾ ಇಂಟರ್‌ಫೆರಾನನ್ನು ಕೊಟ್ಟು, ಮರುಕಳಿಕೆಗಳು ಕಡಮೆಯಾದುವೆಂದು ವರದಿ ಮಾಡಿದನು. ಬೆನ್ನಿಗೆ ಸೂಜಿ ಚುಚ್ಚುವ ಈ ಮಾರ್ಗವನ್ನು ವರ್ಷಗಟ್ಟಲೆ ಅನುಸರಿಸುವುದು ಸಾಧ್ಯವಿರಲಿಲ್ಲ. ಆದುದರಿಂದ ಮದ್ದನ್ನು ಚರ್ಮದಡಿಗೆ ಕೊಟ್ಟರೂ ಗುಣವುಂಟೇ ಎಂದು ನೋಡುವುದು ಅವಶ್ಯವಾಯಿತು.

ಅಮೆರಿಕ ಮತ್ತು ಕೆನಡಾಗಳಲ್ಲಿ ೩೭೨ ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ ೧೯೯೩ರಲ್ಲಿ ಹೊರಬಂತು. ಹೆಚ್ಚಿನ ಪ್ರಮಾಣದಲ್ಲಿ ಬೀಟಾ ಇಂಟರ್‌ಫೆರಾನನ್ನು ಪಡೆದವರಲ್ಲಿ ಮರುಕಳಿಕೆಗಳು ಸುಮಾರು ಮೂರನೆಯ ಒಂದು ಪಾಲಿನಷ್ಟು ತಗ್ಗಿದ್ದವು. ರೋಗದ ಗತಿಯನ್ನೇ ಮಾರ್ಪಡಿಸುವ ಮದ್ದೆಂದು ಅಮೆರಿಕದ ಸರ್ಕಾರದ ಅನುಮತಿ ಪಡೆದ ಮೊದಲನೆಯದು ಇದು. ಅಗತ್ಯಕ್ಕೆ ಸಾಕಾಗುವಷ್ಟು ಮದ್ದು ಆರಂಭದಲ್ಲಿ ತಯಾರಾಗದ ಕಾರಣ ಅಲ್ಲಿ ರೋಗಿಗಳ ಹೆಸರುಗಳನ್ನು ಚೀಟಿ ಎತ್ತಿ ಆರಿಸಬೇಕಾಯಿತೆಂಬುದರಿಂದ ಜನರ ಆತುರ ಎಷ್ಟಿತ್ತೆಂದು ತಿಳಿಯಬಹುದು.

ಈ ಮದ್ದನ್ನು ದಿನ ಬಿಟ್ಟು ದಿನ ಚುಚ್ಚಿಕೊಳ್ಳಬೇಕಾಗಿತ್ತು. ಇಲ್ಲಿ ಸ್ವಲ್ಪ ನಿಂತು ಲೆಕ್ಕಹಾಕುವುದು ಪ್ರಯೋಜನಕರ. ೧೯೭೦ರಲ್ಲಿ ಪ್ರಕಟವಾದ ಎ.ಸಿ.ಟಿ.ಎಚ್. ಎಂಬ ಹಾರ್ಮೋನಿನ ಪ್ರಯೋಗದಲ್ಲಿ ರೋಗ ಮರುಕಳಿಸಿದಾಗ ಎರಡು ವಾರ ಮಾತ್ರ ಚುಚ್ಚುತ್ತಿದ್ದರು. ದಿನ ಬಿಟ್ಟು ದಿನವೆಂದರೆ ವರ್ಷಕ್ಕೆ ಸುಮಾರು ೧೮೨ ಚುಚ್ಚುಗಳು. ಹತ್ತು ವರ್ಷಕ್ಕೆ ೧,೮೦೦ಕ್ಕೂ ಹೆಚ್ಚು. ಚುಚ್ಚುವವರು ಬಹುಮಟ್ಟಿಗೆ ರೋಗಿಗಳು ತಾವೇ ಅಥವಾ ಮನೆಯವರು. ಹೊಟ್ಟೆ, ತೊಡೆ, ತೋಳು, ಪಿರ್ರೆ ಈ ನಾಲ್ಕೇ ಪ್ರದೇಶಗಳಲ್ಲಿ ಇಷ್ಟೆಲ್ಲವನ್ನೂ ಹಂಚಬೇಕು.

ಮುಕ್ಕಾಲು ಪಾಲಿಗಿಂತ ಹೆಚ್ಚು ರೋಗಿಗಳಲ್ಲಿ ಚುಚ್ಚಿದೆಡೆ ಕೆಂಪಾಗಿ, ಬಿಸಿಯಾಗಿ, ನೋಯುತ್ತಿತ್ತು. ಆ ಕಲೆ ದಿನಗಟ್ಟಲೆ ಉಳಿಯುತ್ತಿತ್ತು. ನೂರಕ್ಕೆ ನಾಲ್ಕೈದು ಮಂದಿಗೆ ಚರ್ಮವೇ ಸತ್ತು, ನಡುವೆ ಕಪ್ಪಾದ ಹುಣ್ಣು ಬಿದ್ದು, ಮಾಯುವುದಕ್ಕೆ ವಾರಗಳು ಅಥವಾ ತಿಂಗಳುಗಳು ಹಿಡಿಯುತ್ತಿದ್ದವು. ಕೆಲವರಿಗೆ ಶಸ್ತ್ರಚಿಕಿತ್ಸೆಯೂ ಬೇಕಾಯಿತು. ಕಾರಣವನ್ನು ವಿಚಾರಿಸಿದವರು, ಇಂಟರ್‌ಫೆರಾನ್ ತಾನು ಬಿದ್ದ ಸ್ಥಳದಲ್ಲಿಯೇ ಬಿಳಿರಕ್ತಕಣಗಳನ್ನು ಕರೆಯುವ ಸಂಕೇತದ್ರವ್ಯಗಳನ್ನು ಹೊರಡಿಸುತ್ತದೆಂದು ತೋರಿಸಿದರು. ಮದ್ದಿನ ಗುಣವೂ ಅದರ ಉಪದ್ರವವೂ ಒಂದೇ ಮೂಲದಿಂದ ಹೊರಡುವುದರಿಂದ, ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಪೂರ್ತಿಯಾಗಿ ನೀಗುವುದು ಸುಲಭವಾಗಲಿಲ್ಲ.

ಇನ್ನೊಂದು ಮಾರ್ಗ ೧೯೯೬ರಲ್ಲಿ ತೆರೆಯಿತು. ಅದೇ ಜೇಕಬ್ಸನ ನೇತೃತ್ವದಲ್ಲಿ ೩೦೧ ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಪ್ರಾಣಿಯ ಕೋಶಗಳಲ್ಲಿ ತಯಾರಾದ ಬೀಟಾ ಇಂಟರ್‌ಫೆರಾನನ್ನು ವಾರಕ್ಕೊಮ್ಮೆ ಸ್ನಾಯುವಿನೊಳಕ್ಕೆ ಕೊಡಲಾಯಿತು. ಸೂಜಿ ಉದ್ದವಾದುದು, ಆಳಕ್ಕೆ ಹೋಗುವಂಥದು. ಆದರೆ ಚರ್ಮದ ವಿಕಾರಗಳು ಬಹಳ ಕಡಮೆ. ೧೯೯೮ರಲ್ಲಿ ೫೬೦ ರೋಗಿಗಳ ಮೇಲಣ ಮತ್ತೊಂದು ಪ್ರಯೋಗದಲ್ಲಿ ಇದೇ ಜಾತಿಯ ಮದ್ದನ್ನು ಚರ್ಮದಡಿಗೆ ವಾರಕ್ಕೆ ಮೂರು ಸಲ ಕೊಟ್ಟಾಗ ಕೆಂಪು, ಗಂಟು, ನೋವುಗಳು ಮತ್ತೆ ತಲೆದೋರಿದುವು. ಮದ್ದಿನ ಸ್ವಭಾವ ಒಂದೇ ಆಗಿದ್ದರೂ ಅದು ಸೇರಿದ ಪದರ ಮತ್ತು ಚುಚ್ಚಿನ ಅಂತರ ಬೇರೆಯಾದಾಗ ಪರಿಣಾಮ ಎಷ್ಟು ಭಿನ್ನವಾಗುವುದೆಂಬುದನ್ನು ಈ ಎರಡು ಪ್ರಯೋಗಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಅರಿಯಬಹುದು.

೫. ಗ್ಲಾಟಿರಮರ್: ಎರಡು ದಾಖಲೆಗಳ ವೈಷಮ್ಯ

ಈಗ ರೆಹೊವೊತ್‌ನ ಮದ್ದಿಗೆ ಹಿಂದಿರುಗೋಣ. ನ್ಯೂಯಾರ್ಕಿನ ಮರ್ರೆ ಬಾರ್ನ್‌ಸ್ಟೈನ್ ೫೦ ರೋಗಿಗಳ ಮೇಲೆ ನಡೆಸಿದ ಪ್ರಯೋಗ ೧೯೮೭ರಲ್ಲಿಯೂ, ೨೫೧ ರೋಗಿಗಳ ದೊಡ್ಡ ಪ್ರಯೋಗ ೧೯೯೫ರಲ್ಲಿಯೂ ಪ್ರಕಟವಾಗಿ, ೧೯೯೬ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಪ್ರತಿದಿನವೂ ೨೦ ಮಿಲಿಗ್ರಾಂ ಚರ್ಮದಡಿಗೆ ಚುಚ್ಚಿಕೊಳ್ಳಬೇಕು. ವರ್ಷಕ್ಕೆ ೩೬೫, ಹತ್ತು ವರ್ಷಕ್ಕೆ ೩,೬೫೦.

ಚುಚ್ಚಿದೆಡೆ ತುರಿಕೆ, ನೋವು, ಗಟ್ಟಿ ಗಂಟು ಇವು ಸಾಮಾನ್ಯ. ಇವಲ್ಲದೆ ಇನ್ನೊಂದು ಬಗೆಯ ಪ್ರತಿಕ್ರಿಯೆಯೂ ಉಂಟು. ಚುಚ್ಚಿಕೊಂಡ ಕೆಲವು ನಿಮಿಷಗಳಲ್ಲಿ ಮುಖ ಕೆಂಪೇರಿ, ಎದೆ ಬಿಗಿದು, ಹೃದಯ ಡವಡವನೆ ಬಡಿದು, ಉಸಿರು ಕಟ್ಟಿದಂತಾಗಿ, ಸ್ವಲ್ಪಹೊತ್ತಿನಲ್ಲಿ ತಾನಾಗಿಯೇ ಶಮನವಾಗುತ್ತದೆ. ಪ್ರಯೋಗಗಳಲ್ಲಿ ನೂರಕ್ಕೆ ಸುಮಾರು ೧೫ ಮಂದಿಗೆ ಒಮ್ಮೆಯಾದರೂ ಈ ಅನುಭವವಾಗಿತ್ತು. ಹೆದರಬೇಕಾಗಿಲ್ಲವೆಂದು ರೋಗಿಗಳಿಗೆ ಮುಂಚಿತವಾಗಿ ತಿಳಿಸಿಹೇಳುವುದು ವಾಡಿಕೆಯಾಯಿತು. ಆದರೆ ೨೦೨೫ರ ಜನವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ, ಈ ಮದ್ದಿನಿಂದ ಪ್ರಾಣಾಂತಿಕವಾದ ಅನಾಫಿಲಾಕ್ಸಿಸ್ ಕೂಡ ವಿರಳವಾಗಿ ಸಂಭವಿಸಬಹುದೆಂದೂ, ಮೊದಲ ಚುಚ್ಚಿನಲ್ಲಿಯೇ ಆಗಲಿ ವರ್ಷಗಳ ಬಳಕೆಯ ಅನಂತರವೇ ಆಗಲಿ ಅದು ಬರಬಹುದೆಂದೂ, ಅದರ ಆರಂಭದ ಚಿಹ್ನೆಗಳು ಮೇಲೆ ಹೇಳಿದ ನಿರಪಾಯದ ಪ್ರತಿಕ್ರಿಯೆಯನ್ನು ಹೋಲುವುವೆಂದೂ ತನ್ನ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಹೊರಡಿಸಿತು. ಅನುಮತಿ ದೊರೆತು ೨೮ ವರ್ಷಗಳು ಕಳೆದಿದ್ದವು. ಪರಿಚಿತವಾದ ಒಂದು ವಿಕಾರದ ನೆರಳಿನಲ್ಲಿ ಅಪರಿಚಿತವಾದ ಇನ್ನೊಂದು ಮರೆಯಾಗಿರಬಲ್ಲುದೆಂಬುದಕ್ಕೆ ಇದು ಉತ್ತಮವಾದ ನಿದರ್ಶನ.

ಇನ್ಸುಲಿನ್ನಿನ ಪ್ರಸ್ತಾಪದಲ್ಲಿ ಕಂಡ ಗುಳಿ ಇಲ್ಲಿ ಮತ್ತೆ ಎದುರಾಗುತ್ತದೆ. ಗ್ಲಾಟಿರಮರ್ ಚುಚ್ಚಿದೆಡೆಯಲ್ಲಿಯೂ ಕೊಬ್ಬು ಕರಗಿ ಚರ್ಮ ಒಳಗಿಳಿಯುತ್ತದೆ. ಕೆಂಪು ಮತ್ತು ಗಂಟುಗಳು ಮಾಯವಾಗುತ್ತವೆ. ಈ ಗುಳಿ ಬಹುಮಟ್ಟಿಗೆ ಶಾಶ್ವತ. ಅನುಮತಿಗೆ ಆಧಾರವಾದ ಪ್ರಯೋಗಗಳ ಲೆಕ್ಕದಲ್ಲಿ ಇದು ನೂರಕ್ಕೆ ಸುಮಾರು ೨. ಆದರೆ ೨೦೦೪ರಲ್ಲಿ ಕೆನಡಾದ ಒಂದು ಚಿಕಿತ್ಸಾಲಯದ ವೈದ್ಯರು ಈ ಮದ್ದನ್ನು ಬಳಸುತ್ತಿದ್ದ ತಮ್ಮ ೭೬ ರೋಗಿಗಳ ಮೈಯನ್ನು ಇದೇ ಉದ್ದೇಶದಿಂದ ಪರೀಕ್ಷಿಸಿ ನೋಡಿದಾಗ ೩೪ ಮಂದಿಯಲ್ಲಿ, ಎಂದರೆ ನೂರಕ್ಕೆ ೪೫ರಷ್ಟು ಜನರಲ್ಲಿ, ಗುಳಿಗಳಿದ್ದವು. ಹೆಂಗಸರಲ್ಲಿಯೇ ಇದು ಹೆಚ್ಚು.

ಎರಡಕ್ಕೂ ನಲವತ್ತೈದಕ್ಕೂ ನಡುವಣ ಈ ಅಂತರವನ್ನು ಹೇಗೆ ಅರ್ಥಮಾಡಿಕೊಳ್ಳಬೇಕು? ಒಂದು ದಾಖಲೆ ಸುಳ್ಳು, ಇನ್ನೊಂದು ನಿಜ ಎಂದು ತೀರ್ಮಾನಿಸುವುದು ಅವಸರದ ಮಾತಾದೀತು. ಪ್ರಯೋಗಗಳಿಗೆ ಗೊತ್ತಾದ ಅವಧಿಯುಂಟು. ಗುಳಿ ಬೀಳುವುದಕ್ಕೆ ತಿಂಗಳುಗಳೂ ವರ್ಷಗಳೂ ಬೇಕು. ಪ್ರಯೋಗಗಳಲ್ಲಿ ವೈದ್ಯನು ಮುಖ್ಯವಾಗಿ ನೋಡುತ್ತಿದ್ದುದು ಕಣ್ಣು, ಕೈಕಾಲು, ನಡಿಗೆಗಳನ್ನು. ತೊಡೆಯನ್ನು ತೆರೆದು ನೋಡಬೇಕಾದ ಪ್ರಮೇಯ ಅವನಿಗಿರಲಿಲ್ಲ. ರೋಗಿಯೂ ‘ನಡೆಯಲು ಆಗುತ್ತಿದೆಯಲ್ಲ, ಇದೇನು ದೊಡ್ಡದು’ ಎಂದು ಸುಮ್ಮನಿದ್ದಿರಬಹುದು. ಹೆಂಗಸಾದರೆ ಸಂಕೋಚವೂ ಇದ್ದಿರಬಹುದು. ಪ್ರಯೋಗದ ದಾಖಲೆ ತಾನು ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಿತು. ಕೇಳದ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ. ಶಾಸನಗಳನ್ನೂ ಬಖೈರುಗಳನ್ನೂ ಓದುವ ನಮಗೆ ಈ ನ್ಯಾಯ ಹೊಸದಲ್ಲ. ದತ್ತಿಯನ್ನು ಹೇಳುವ ಶಾಸನ ಆ ಭೂಮಿಯನ್ನು ಉತ್ತವನ ಹೆಸರನ್ನು ಹೇಳದಿದ್ದರೆ ಉಳುವವನೇ ಇರಲಿಲ್ಲವೆಂದು ಯಾರೂ ಭಾವಿಸುವುದಿಲ್ಲವಷ್ಟೆ.

ಇಂಥದೇ ಮತ್ತೊಂದು ಪುನರಾವೃತ್ತಿಯನ್ನು ಇಲ್ಲಿ ಸೂಚಿಸಬಹುದು. ೧೯೨೪-೨೫ರಲ್ಲಿ ಫ್ರಾಯ್ಡೆಂತಾಲ್ ಮತ್ತು ನಿಕೊಲಾವ್ ಎಂಬ ವೈದ್ಯರು, ಉಪದಂಶರೋಗಕ್ಕೆ ಬಿಸ್ಮತ್ ಲವಣಗಳನ್ನು ಚುಚ್ಚಿದಾಗ ಕೆಲವೊಮ್ಮೆ ಒಡನೆಯೇ ತೀವ್ರ ನೋವುಂಟಾಗಿ, ಬಲೆಯಂಥ ನೀಲಿ ಗೆರೆಗಳು ಮೂಡಿ, ಆ ಚರ್ಮ ಸಾಯುವುದನ್ನು ವರ್ಣಿಸಿದ್ದರು. ಗ್ಲಾಟಿರಮರ್ ಮತ್ತು ಇಂಟರ್‌ಫೆರಾನ್ ಚುಚ್ಚಿಕೊಂಡವರಲ್ಲಿಯೂ ಈ ವಿಕಾರ ವಿರಳವಾಗಿ ವರದಿಯಾಯಿತು. ಬಿಸ್ಮತ್ ಚಿಕಿತ್ಸೆ ಮರೆತುಹೋಗಿತ್ತು. ಅದರ ಗಾಯದ ವರ್ಣನೆ ಮಾತ್ರ ಮತ್ತೆ ಉಪಯೋಗಕ್ಕೆ ಬಂತು.

೬. ಗುಟ್ಟು ಬಿಟ್ಟುಕೊಟ್ಟ ಚರ್ಮ

ಚರ್ಮದ ವಿಕಾರಗಳು ಚಿಕಿತ್ಸಾಪ್ರಯೋಗದ ವಿಧಾನಕ್ಕೇ ಒಂದು ತೊಡಕನ್ನು ತಂದವು. ಇಂಥ ಪ್ರಯೋಗಗಳಲ್ಲಿ ಕೆಲವರಿಗೆ ನಿಜವಾದ ಮದ್ದನ್ನೂ ಕೆಲವರಿಗೆ ಹುಸಿಮದ್ದನ್ನೂ ಕೊಟ್ಟು, ಯಾರಿಗೆ ಯಾವುದೆಂಬುದನ್ನು ರೋಗಿಯಿಂದಲೂ ಪರೀಕ್ಷಿಸುವ ವೈದ್ಯನಿಂದಲೂ ಮರೆಮಾಡುತ್ತಾರೆ. ಆದರೆ ತೊಡೆಯ ಮೇಲೆ ಅಂಗೈಯಗಲದ ಕೆಂಪು ಕಲೆ ಎದ್ದಾಗ ತನಗೆ ನಿಜವಾದ ಮದ್ದೇ ಸಿಕ್ಕಿದೆಯೆಂದು ರೋಗಿ ಊಹಿಸದಿರುವುದುಂಟೆ? ಹಾಗೆ ಊಹಿಸಿದವನು ತಾನು ಸುಧಾರಿಸಿರುವೆನೆಂದು ನಂಬಿ ಹೇಳುವ ಸಂಭವವಿದೆ. ಆದಕಾರಣ ಉಪಚರಿಸುವ ವೈದ್ಯನೊಬ್ಬ, ನರಪರೀಕ್ಷೆ ಮಾಡುವ ವೈದ್ಯನೊಬ್ಬ ಎಂದು ಬೇರ್ಪಡಿಸಿ, ಪರೀಕ್ಷೆಯ ಕಾಲದಲ್ಲಿ ಚುಚ್ಚಿದ ಸ್ಥಳಗಳನ್ನು ಬಟ್ಟೆಯಿಂದ ಮುಚ್ಚಿಕೊಂಡಿರಬೇಕೆಂಬ ಕಟ್ಟಳೆಗಳನ್ನು ಮಾಡಬೇಕಾಯಿತು.

೧೯೯೩ರ ಇಂಟರ್‌ಫೆರಾನ್ ಪ್ರಯೋಗಕ್ಕೆ ಈ ಸಂದೇಹ ವಿಶೇಷವಾಗಿ ಅನ್ವಯಿಸುತ್ತಿತ್ತು. ಅದನ್ನು ಪರಿಹರಿಸುವುದಕ್ಕೆ ನೆರವಾದದ್ದು ಕಾಂತೀಯ ಯಂತ್ರದಿಂದ ತೆಗೆದ ಮಿದುಳಿನ ಚಿತ್ರಗಳು. ಮಿದುಳಿನಲ್ಲಿ ಹೊಸ ಕಲೆಗಳು ಮೂಡುವುದಕ್ಕೂ ರೋಗಿಯ ಊಹೆಗೂ ಸಂಬಂಧವಿಲ್ಲ. ಮದ್ದನ್ನು ಪಡೆದವರಲ್ಲಿ ಅಂಥ ಕಲೆಗಳು ಕಡಮೆಯಾಗಿದ್ದವು. ಮಿದುಳಿನ ಚಿತ್ರಗಳಿಗೆ ಆ ಪ್ರಯೋಗದ ವಾದದಲ್ಲಿ ಅಷ್ಟು ತೂಕ ಬಂದುದಕ್ಕೆ ಕಾರಣ ಹಲ ಕೆಲವಿರಬಹುದು. ತೊಡೆಯ ಮೇಲಣ ಕಲೆಗಳೂ ಅವುಗಳಲ್ಲಿ ಒಂದೆಂದು ನಾವು ಭಾವಿಸುತ್ತೇವೆ.

ಆಕರಗಳ ಭಾಷೆಯ ವಿಚಾರವಾಗಿಯೂ ಒಂದು ಮಾತು ಹೇಳಬೇಕಾಗಿದೆ. ಈ ವಿಕಾರಗಳನ್ನು ವರ್ಣಿಸುವ ಗ್ರಂಥಗಳೆಲ್ಲ ‘ಕೆಂಪು’ ಎಂಬ ಶಬ್ದದಿಂದ ಆರಂಭವಾಗುತ್ತವೆ. ಆ ಪ್ರಯೋಗಗಳಲ್ಲಿ ಭಾಗವಹಿಸಿದವರು ಬಹುಪಾಲು ಬಿಳಿಯ ಮೈಬಣ್ಣದವರು. ನಮ್ಮಂಥ ಕಂದು ಅಥವಾ ಕಪ್ಪು ಚರ್ಮದಲ್ಲಿ ಅದೇ ಉರಿಯೂತ ಕೆಂಪಾಗಿ ಎದ್ದುಕಾಣದೆ, ಸುತ್ತಣ ಬಣ್ಣಕ್ಕಿಂತ ಗಾಢವಾಗಿ ಅಥವಾ ನೇರಳೆ ಛಾಯೆಯಲ್ಲಿ ತೋರಬಹುದು. ಕಣ್ಣಿಗಿಂತ ಬೆರಳಿಗೆ, ಬಿಸಿ ಮತ್ತು ಗಡಸುತನಗಳಿಂದ, ಬೇಗ ತಿಳಿಯಬಹುದು. ‘ಕೆಂಪು’ ಎಷ್ಟು ಮಂದಿಯಲ್ಲಿ ಕಂಡಿತೆಂಬ ಅಂಕಿಯನ್ನು ಒಂದು ಜನಸಮುದಾಯದಿಂದ ಇನ್ನೊಂದಕ್ಕೆ ವಿಮರ್ಶೆಯಿಲ್ಲದೆ ಸಾಗಿಸುವುದು ಆದುದರಿಂದ ಯುಕ್ತವಲ್ಲ.

೭. ಚುಚ್ಚಿನ ಅಂತರ ಹೆಚ್ಚಿದ ಬಗೆ

ಮದ್ದು ಎಷ್ಟೇ ಒಳ್ಳೆಯದಾದರೂ ರೋಗಿ ಅದನ್ನು ಬಿಟ್ಟುಬಿಟ್ಟರೆ ಫಲವಿಲ್ಲ. ಚುಚ್ಚುವ ಜಾಗವೇ ಉಳಿಯದೆ ಹೋದವರು, ಗಂಟು ನೋವುಗಳಿಂದ ಬೇಸತ್ತವರು ಚಿಕಿತ್ಸೆಯನ್ನು ನಿಲ್ಲಿಸುತ್ತಿದ್ದರು. ಇದನ್ನು ತಡೆಯುವುದಕ್ಕೆ ಮೊದಲು ಕೈಗೊಂಡ ಉಪಾಯಗಳು ದಾದಿಯರ ಅನುಭವದಿಂದ ಬೆಳೆದಂಥವು: ಸ್ಥಳಗಳನ್ನು ಸರದಿಯಂತೆ ಬದಲಾಯಿಸಿ ಪುಸ್ತಕದಲ್ಲಿ ಗುರುತುಹಾಕಿಕೊಳ್ಳುವುದು, ತಣ್ಣಗಿರುವ ಮದ್ದನ್ನು ಕೋಣೆಯ ಶಾಖಕ್ಕೆ ಬರಿಸಿಕೊಳ್ಳುವುದು, ಒಂದೇ ಆಳಕ್ಕೆ ಚುಚ್ಚುವ ಸ್ವಯಂಚಾಲಿತ ಸಾಧನವನ್ನು ಬಳಸುವುದು. ಹಂಟರ್ ೧೮೫೮ರಲ್ಲಿ ಕಂಡುಕೊಂಡ ಉಪಾಯದ ವಿಸ್ತಾರವೇ ಇವುಗಳಲ್ಲಿ ಮೊದಲನೆಯದು.

ಮುಂದಿನ ಹೆಜ್ಜೆ ಅಂತರವನ್ನು ಹೆಚ್ಚಿಸುವುದು. ೨೦೧೪ರಲ್ಲಿ ಗ್ಲಾಟಿರಮರನ್ನು ೪೦ ಮಿಲಿಗ್ರಾಂನಂತೆ ವಾರಕ್ಕೆ ಮೂರು ಸಲ ಕೊಡುವ ಕ್ರಮಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ವರ್ಷಕ್ಕೆ ೩೬೫ ಇದ್ದುದು ೧೫೬ಕ್ಕೆ ಇಳಿಯಿತು. ಅದೇ ವರ್ಷ ದೇಹದಲ್ಲಿ ಹೆಚ್ಚು ಕಾಲ ನಿಲ್ಲುವಂತೆ ಮಾರ್ಪಡಿಸಿದ ಇಂಟರ್‌ಫೆರಾನ್ ಬಂತು. ಎರಡು ವಾರಕ್ಕೊಮ್ಮೆ, ಎಂದರೆ ವರ್ಷಕ್ಕೆ ೨೬. ೨೦೨೦ರಲ್ಲಿ ಬಂದ ಒಫಾಟುಮುಮಾಬ್ ಎಂಬ ಚರ್ಮದಡಿಯ ಮದ್ದಿನಲ್ಲಿ ಆರಂಭದ ಕೆಲವು ವಾರಗಳು ಕಳೆದ ಮೇಲೆ ತಿಂಗಳಿಗೆ ಒಂದೇ ಚುಚ್ಚು. ಇದಕ್ಕೂ ಮೊದಲೇ, ೨೦೧೦ರಲ್ಲಿ, ನುಂಗುವ ಗುಳಿಗೆಯಾದ ಫಿಂಗೊಲಿಮಾಡ್ ಅನುಮತಿ ಪಡೆದು ಸೂಜಿಯ ಏಕಸ್ವಾಮ್ಯವನ್ನು ಮುರಿದಿತ್ತು. ಈ ಬದಲಾವಣೆಗಳಿಗೆ ಹೆಚ್ಚು ಬಲವಾದ ಮದ್ದಿನ ಅನ್ವೇಷಣೆ, ವ್ಯಾಪಾರದ ಸ್ಪರ್ಧೆ ಮುಂತಾದ ಕಾರಣಗಳೂ ಉಂಟೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ದಿನ, ವಾರ, ತಿಂಗಳು ಎಂದು ಅಂತರ ಹಿಗ್ಗುತ್ತ ಬಂದ ಈ ಕ್ರಮವನ್ನು ರೋಗಿಯ ತೊಡೆಯನ್ನು ನೋಡದೆ ವಿವರಿಸುವುದು ಅಸಾಧ್ಯ.

ಚುಚ್ಚಿನ ಅಂತರ ಹೆಚ್ಚಿದ ಮಾತ್ರಕ್ಕೆ ಚರ್ಮ ಸುರಕ್ಷಿತವೆಂದೂ ಹೇಳಲಾಗದು. ೨೦೧೬ರಲ್ಲಿ ಅನುಮತಿ ಪಡೆದ ಡಕ್ಲಿಜುಮಾಬ್ ತಿಂಗಳಿಗೊಮ್ಮೆ ಚುಚ್ಚುವ ಮದ್ದಾಗಿದ್ದರೂ, ಅದನ್ನು ಪಡೆದ ಅನೇಕರಲ್ಲಿ ಚುಚ್ಚಿದ ಸ್ಥಳಕ್ಕೆ ದೂರವಾದ ಭಾಗಗಳಲ್ಲಿಯೂ ಚರ್ಮದ ಮೇಲೆ ದದ್ದುಗಳೆದ್ದವು. ಯಕೃತ್ತು ಮತ್ತು ಮಿದುಳಿಗೆ ಗಂಭೀರವಾದ ಹಾನಿಗಳು ಕಂಡುಬಂದು ೨೦೧೮ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು.

೮. ಉಪಸಂಹಾರ

ಮೇಲಿನ ಸಮೀಕ್ಷೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದೆಂದು ತೋರುತ್ತದೆ. ಮೊದಲನೆಯದಾಗಿ, ಹಂಟರನ ಬಾವು, ಇನ್ಸುಲಿನ್ನಿನ ಗುಳಿ, ಬಿಸ್ಮತ್ತಿನ ನೀಲಿಗೆರೆ ಇವೆಲ್ಲ ಮಲ್ಟಿಪಲ್ ಸ್ಕ್ಲೆರೋಸಿಸ್ಸಿನ ಚಿಕಿತ್ಸೆಯಲ್ಲಿ ಪುನಃ ಕಾಣಿಸಿಕೊಂಡಿವೆ. ದೀರ್ಘಕಾಲದ ಚುಚ್ಚುಮದ್ದಿನ ಯುಗ ಪ್ರತಿ ರೋಗದಲ್ಲಿಯೂ ಹಳೆಯ ಪಾಠವನ್ನು ಹೊಸದಾಗಿ ಕಲಿತಿದೆ. ಎರಡನೆಯದಾಗಿ, ಚಿಕಿತ್ಸೆಯ ರೂಪವನ್ನು ತಿದ್ದುವುದರಲ್ಲಿ ಪ್ರಯೋಗಶಾಲೆಯೊಡನೆ ರೋಗಿಯ ಚರ್ಮವೂ ಪಾಲುಗೊಂಡಿದೆ. ಮೂರನೆಯದಾಗಿ, ಅನುಮತಿಗಾಗಿ ಸಿದ್ಧವಾದ ದಾಖಲೆ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅದರ ಅವಧಿ ಮತ್ತು ಪ್ರಶ್ನೆಗಳ ಎಲ್ಲೆಯೊಳಗೇ ಅದು ಪ್ರಮಾಣ. ಆ ಎಲ್ಲೆಯ ಹೊರಗೆ ದಾದಿಯ ಪುಸ್ತಕ, ರೋಗಿಯ ದಿನಚರಿ, ಚಿಕಿತ್ಸಾಲಯದ ಪರೀಕ್ಷೆ ಇವುಗಳನ್ನು ಆಶ್ರಯಿಸಬೇಕಾಗುತ್ತದೆ.

ನಮ್ಮ ಕಾಲೇಜುಗಳಲ್ಲಿ ವಿಜ್ಞಾನದ ಚರಿತ್ರೆಯನ್ನು ಬೋಧಿಸುವಾಗ ಸಂಶೋಧಕರ ಹೆಸರು ಮತ್ತು ವರ್ಷಗಳನ್ನು ಮಕ್ಕಳಿಂದ ಒಪ್ಪಿಸುವುದರಲ್ಲಿಯೇ ಹೆಚ್ಚಿನ ಕಾಲ ಕಳೆಯುತ್ತದೆ. ಅವುಗಳ ಜೊತೆಗೆ, ಮದ್ದನ್ನು ತೆಗೆದುಕೊಂಡವರ ಅನುಭವ ಯಾವ ಕಾಗದಪತ್ರದಲ್ಲಿ ಉಳಿದಿದೆ, ಯಾವುದರಲ್ಲಿ ಉಳಿದಿಲ್ಲ ಎಂಬ ಪ್ರಶ್ನೆಯನ್ನೂ ಕೇಳಿಸಿದರೆ ಒಳಿತು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಚುಚ್ಚಿಸಿಕೊಂಡ ಹಿರಿಯರು ನಮ್ಮ ಜಿಲ್ಲೆಗಳಲ್ಲಿ ಇನ್ನೂ ಇದ್ದಾರೆ. ಅವರ ನೆನಪನ್ನು ವಿದ್ಯಾರ್ಥಿಗಳು ಬರೆದಿಟ್ಟುಕೊಳ್ಳುವುದರಿಂದ ಈ ಕೆಲಸವನ್ನು ಆರಂಭಿಸಬಹುದು.